ಕೊಟ್ಟ ಅಂಕ, ಒಪ್ಪದ ಅಂಕ

2020ರ ಮಾರ್ಚ್ ತಿಂಗಳು. 27ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾಗಬೇಕಿತ್ತು. ದ್ವಿತೀಯ ಪಿಯುಸಿಯವರಿಗೆ ಇಂಗ್ಲಿಷ್ ಒಂದೇ ಬಾಕಿ. ಅಷ್ಟರಲ್ಲಿ ಮಹಾಮಾರಿ ಬಂತು, ನಾಡು ಬೀಗ ಹಾಕಿಕೊಂಡಿತು, ವೇಳಾಪಟ್ಟಿಗಳು ಗೋಡೆಯ ಮೇಲೇ ಉಳಿದವು.

ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಮೊದಲ ವರ್ಷ ಪರೀಕ್ಷೆಯನ್ನು ಬಿಟ್ಟುಕೊಡಲಿಲ್ಲ. ಜೂನ್ 18ರಂದು ಆ ಇಂಗ್ಲಿಷ್ ಪತ್ರಿಕೆ ಮುಗಿಯಿತು. 25ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಧರಿಸಿ, ಹಣೆಗೆ ಜ್ವರಮಾಪಕ ಹಿಡಿಸಿಕೊಂಡು ಎಸ್ಸೆಸ್ಸೆಲ್ಸಿ ಬರೆದರು. ತೇರ್ಗಡೆ ಶೇ 71.80, 625ಕ್ಕೆ 625 ಪಡೆದವರು ಆರೇ ಮಂದಿ. ಹಳೆಯ ತಕ್ಕಡಿ ಇನ್ನೂ ತೂಗುತ್ತಿತ್ತು.

ಎರಡನೆಯ ಅಲೆ ಆ ತಕ್ಕಡಿಯನ್ನೇ ಕೊಚ್ಚಿಕೊಂಡು ಹೋಯಿತು. 2021ರ ಜೂನ್ 4ರಂದು ದ್ವಿತೀಯ ಪಿಯುಸಿ ಪರೀಕ್ಷೆ ರದ್ದೆಂದು ಸರ್ಕಾರ ಸಾರಿತು. ಬರೆಯದ ಪರೀಕ್ಷೆಗೆ ಅಂಕ ಕೊಡುವುದೆಂತು? ಎಸ್ಸೆಸ್ಸೆಲ್ಸಿಯಿಂದ ಶೇ 45, ಪ್ರಥಮ ಪಿಯುಸಿಯಿಂದ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10 ಎಂಬ ಸೂತ್ರ ಹೊರಬಂತು. ಅದರ ಒಳಗುಟ್ಟು ಸ್ವಾರಸ್ಯದ್ದು. ಆ ತಂಡ ಹತ್ತನೆಯ ತರಗತಿ ಮುಗಿಸಿದ್ದು 2019ರಲ್ಲಿ, ಪ್ರಥಮ ಪಿಯುಸಿ ಬರೆದದ್ದು ರೋಗ ಕಾಲಿಡುವ ಮುನ್ನ. ಅಂದರೆ ಮಹಾಮಾರಿಯ ಕಾಲದ ಅಂಕಪಟ್ಟಿಯ ಬಹುಪಾಲು ಅದರ ಹಿಂದಿನ ಕಾಲದ ಉತ್ತರಪತ್ರಿಕೆಗಳಿಂದ ಹೊಲಿದದ್ದು! ಹತ್ತರಲ್ಲಿ ಮೈಗಳ್ಳನಾಗಿದ್ದು ಹನ್ನೆರಡರಲ್ಲಿ ಎಚ್ಚೆತ್ತ ಹುಡುಗನ ರಾತ್ರಿಗಳಿಗೆ ಅಲ್ಲಿ ಜಾಗವಿರಲಿಲ್ಲ. ಅತೃಪ್ತರು ಆಗಸ್ಟ್ 19ರಿಂದ ನಡೆಯುವ ಪರೀಕ್ಷೆ ಬರೆಯಬಹುದೆಂಬ ಬಾಗಿಲೊಂದನ್ನು ತೆರೆದಿಟ್ಟಿದ್ದರು. ಜುಲೈ 20ರ ಫಲಿತಾಂಶದಲ್ಲಿ ಎಲ್ಲರೂ ಉತ್ತೀರ್ಣರು. 600ಕ್ಕೆ 600 ಪಡೆದವರು 2,239.

ಎಸ್ಸೆಸ್ಸೆಲ್ಸಿಗೆ ಬೇರೆಯೇ ಏರ್ಪಾಡು. ಆರು ಪತ್ರಿಕೆಗಳನ್ನು ಜುಲೈ 19 ಮತ್ತು 22ಕ್ಕೆ ಮಡಚಿದರು: ಒಂದು ದಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಇನ್ನೊಂದು ದಿನ ಮೂರೂ ಭಾಷೆ. ಪ್ರಬಂಧವಿಲ್ಲ, ಪ್ರಮೇಯದ ಸಾಧನೆಯಿಲ್ಲ. ಬಹು ಆಯ್ಕೆಯ ಪ್ರಶ್ನೆ, ಒಎಂಆರ್ ಹಾಳೆಯ ವೃತ್ತಕ್ಕೆ ಶಾಯಿ. ಆಗಸ್ಟ್ 9ರಂದು ಫಲಿತಾಂಶ ಪ್ರಕಟಿಸಿದವರು ಆಗಷ್ಟೇ ಶಿಕ್ಷಣ ಸಚಿವರಾಗಿ ಅಧಿಕಾರ ವಹಿಸಿಕೊಂಡಿದ್ದ ಬಿ.ಸಿ. ನಾಗೇಶ್. ಪೂರ್ಣಾಂಕದವರು ಆರರಿಂದ 157ಕ್ಕೆ ಏರಿದ್ದರು. ಇಡೀ ರಾಜ್ಯದಲ್ಲಿ ಅನುತ್ತೀರ್ಣ ಒಬ್ಬರೇ, ಅದೂ ತಮ್ಮ ಬದಲು ಬೇರೊಬ್ಬರನ್ನು ಕೂರಿಸಿದ್ದಕ್ಕೆ. ಆ ವರ್ಷ ನಪಾಸಾಗಲು ಅಷ್ಟು ಸಾಹಸ ಬೇಕಿತ್ತು.

ಆದರೆ ಉದಾರವಾಗಿ ಕೊಟ್ಟ ಅಂಕವನ್ನು ಕೊಟ್ಟವರೇ ನಂಬಲಿಲ್ಲ. ಎಂಜಿನಿಯರಿಂಗ್ ಸೀಟಿಗೆ ಪಿಯುಸಿಯ ಅರ್ಧ, ಸಿಇಟಿಯ ಅರ್ಧ ಕೂಡಿಸಿ ರ್‍ಯಾಂಕ್ ಕಟ್ಟುವುದು ರೂಢಿ. 2021ರಲ್ಲಿ ಪಿಯುಸಿ ಅಂಕ ಬಿಟ್ಟು ಸಿಇಟಿಯನ್ನಷ್ಟೇ ನೆಚ್ಚಿದರು. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಗಲಾಟೆ ಏಳಲಿಲ್ಲ. ಮರುವರ್ಷ ಹೊಸ ತಂಡಕ್ಕೆ ಹಳೆಯ ರೂಢಿ ಮರಳಿತು. ಮತ್ತೆ ಸಿಇಟಿ ಬರೆದ 2021ರವರಿಗೆ ಮಾತ್ರ ಪಿಯುಸಿ ಅಂಕ ಲೆಕ್ಕಕ್ಕೆ ಬರಲಿಲ್ಲ. ರ್‍ಯಾಂಕ್ ಪಾತಾಳಕ್ಕಿಳಿದದ್ದು ಕಂಡು ಅವರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. 2022ರ ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ಅವರ ಅಂಕವನ್ನೂ ಪರಿಗಣಿಸಿರೆಂದಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ರಾಜಿಸೂತ್ರವೊಂದು ಒಪ್ಪಿಗೆಯಾಗಿ, ಪ್ರಕಟವಾಗಿದ್ದ ರ್‍ಯಾಂಕ್ ಪಟ್ಟಿಯನ್ನು ಮತ್ತೆ ಬರೆಯಬೇಕಾಯಿತು.