ರಕ್ತಕ್ಕೆ ಪರೀಕ್ಷೆ ಬಂದ ಬಗೆ



ಹೆರಿಗೆಗೋ ಆಪರೇಷನ್ನಿಗೋ ರಕ್ತ ಬೇಕಾದಾಗ ನಮ್ಮ ಜನ ಮೊದಲು ಕೇಳುವುದು, "ಗುಂಪು ಹೊಂದುತ್ತದೆಯೇ?" ಎಂದು. ರಕ್ತದ ಗುಂಪುಗಳನ್ನು 1901ರಲ್ಲಿ ತೋರಿಸಿಕೊಟ್ಟವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಆದರೆ ಗುಂಪು ಹೊಂದಿದ ಮಾತ್ರಕ್ಕೆ ರಕ್ತ ಶುದ್ಧವೆಂದಾಯಿತೇ? ಕೊಟ್ಟವನ ರೋಗವೂ ರಕ್ತದೊಡನೆ ಪಡೆದವನ ಮೈ ಸೇರಬಹುದು.

1960ರ ದಶಕದಲ್ಲಿ ಅಮೆರಿಕದ ಬರೂಕ್ ಬ್ಲಂಬರ್ಗ್ ಹೆಪಟೈಟಿಸ್ ಬಿ ಕಾಮಾಲೆಯ ಗುರುತನ್ನು ರಕ್ತದಲ್ಲಿ ಪತ್ತೆಹಚ್ಚಿದರು. ಅದರಿಂದ ದಾನಿಯ ರಕ್ತವನ್ನು ಮೊದಲೇ ಪರೀಕ್ಷಿಸಲು ಸಾಧ್ಯವಾಯಿತು. 1985ರಲ್ಲಿ ಎಚ್.ಐ.ವಿ. ಪರೀಕ್ಷೆಯೂ ಬಂತು.

"ಅದು ಪರದೇಶದ ರೋಗ, ನಮಗೇಕೆ?" ಎಂದು ಆಗ ಬಹಳ ಮಂದಿ ಭಾವಿಸಿದ್ದರು. ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸೊಲೊಮನ್ ಹಾಗೆ ಭಾವಿಸಲಿಲ್ಲ. ಅವರ ವಿದ್ಯಾರ್ಥಿನಿ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಮನೆಯ ಫ್ರಿಜ್ಜಿನಲ್ಲಿ ಕಾಪಾಡಿ, ರೈಲಿನಲ್ಲಿ ವೆಲ್ಲೂರಿಗೆ ಒಯ್ದರು. 1986ರಲ್ಲಿ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಆ ಮಾದರಿಗಳ ಪೈಕಿ ಕೆಲವುಗಳಲ್ಲಿ ಎಚ್.ಐ.ವಿ. ಕಂಡುಬಂತು. ರೋಗ ನಮ್ಮ ನೆಲದಲ್ಲೇ ಇತ್ತು. ದಾನದ ರಕ್ತಕ್ಕೆ ಈ ಪರೀಕ್ಷೆ 1989ರಲ್ಲಿ ಕಡ್ಡಾಯವಾಯಿತು.

ಆದರೆ ಕಾನೂನು ಬಂದರೂ ಕಳ್ಳದಾರಿ ಮುಚ್ಚಲಿಲ್ಲ. 1990ರ ಒಂದು ವರದಿಯ ಪ್ರಕಾರ ದೇಶದ 1018 ರಕ್ತನಿಧಿಗಳಲ್ಲಿ 616ಕ್ಕೆ ಪರವಾನಗಿಯೇ ಇರಲಿಲ್ಲ. ಹೊಟ್ಟೆಪಾಡಿಗೆ ರಕ್ತ ಮಾರುವವರೂ ರಕ್ತ ಕೊಡುತ್ತಿದ್ದರು. ಅವರನ್ನು ಹಳಿಯುವುದು ತರವಲ್ಲ; ಆದರೆ ಇಂದಿನ ಕೂಳಿಗಾಗಿ ರಕ್ತ ಮಾರುವವನು ಹೋದ ವರ್ಷದ ಕಾಮಾಲೆಯನ್ನು ಹೇಗೆ ತಾನೇ ಹೇಳಿಯಾನು? ಹೇಳಿದರೆ ಕೂಳು ಹೋಯಿತು.

ಕಾಮನ್ ಕಾಸ್ ಎಂಬ ಸಂಸ್ಥೆ ಈ ದೂರನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. 1996ರ ಜನವರಿ 4ರಂದು ತೀರ್ಪು ಬಂತು: ಪರವಾನಗಿಯಿಲ್ಲದ ರಕ್ತನಿಧಿ ಇರಕೂಡದು, ಎರಡು ವರ್ಷದೊಳಗೆ ರಕ್ತದ ಮಾರಾಟ ನಿಲ್ಲಬೇಕು. 1998ರ ಜನವರಿ 1ರಿಂದ ಅದು ನಿಷಿದ್ಧವಾಯಿತು. ಮುಂದೆ ಹೆಪಟೈಟಿಸ್ ಸಿ ಪರೀಕ್ಷೆಯೂ ಕಡ್ಡಾಯವಾಯಿತು. ಈಗ ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಹೀಗೆ ಐದು ಪರೀಕ್ಷೆ ದಾಟಿದ ರಕ್ತವನ್ನೇ ರೋಗಿಗೆ ಕೊಡಬೇಕು.

ಇಷ್ಟಾದರೂ ಒಂದು ಸಂದು ಉಳಿದಿದೆ. ಸೋಂಕು ತಗಲಿದ ಮೊದಲ ಕೆಲವು ದಿನ ಯಾವ ಪರೀಕ್ಷೆಗೂ ಅದು ಸಿಕ್ಕದೆ ಹೋಗಬಹುದು. ರಕ್ತ ಕೊಡುವ ಮುನ್ನ ನಿಮ್ಮ ಕಾಯಿಲೆ, ಔಷಧಿ, ನಡವಳಿಕೆಗಳ ಬಗ್ಗೆ ಪ್ರಶ್ನೆ ಕೇಳುವುದು ಅದಕ್ಕಾಗಿಯೇ. ಆ ಹಾಳೆ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇದ್ದೀತು. ಓದಲು ಬಾರದಿದ್ದರೆ ಸಂಕೋಚಪಡದೆ ಓದಿ ಹೇಳಿಸಿಕೊಳ್ಳಿ. ತಿಳಿಯದೆ ಸಹಿ ಹಾಕಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. "ಈ ಸಲ ಬೇಡ" ಎಂದರೆ ಬೇಸರಿಸದೆ ಹಿಂದಿರುಗಿ. ಮುಖ ಕಾಣದ ಒಬ್ಬ ರೋಗಿಗೆ ಅದೂ ನೀವು ಮಾಡಿದ ಉಪಕಾರವೇ.