ಕೇಕಿನ ಮೇಲಣ ಸಕ್ಕರೆ ಹೂವು: ತಿನ್ನಲಿಕ್ಕೋ, ನೋಡಲಿಕ್ಕೋ?

ಮದುವೆಯ ಆರತಕ್ಷತೆಯಲ್ಲಿ, ಹುಟ್ಟುಹಬ್ಬದ ಸಮಾರಂಭದಲ್ಲಿ ಕತ್ತರಿಸಲಾಗುವ ಅಂತಸ್ತಿನ ಕೇಕುಗಳ ಮೇಲೆ ಅರಳಿ ನಿಂತ ಗುಲಾಬಿ, ಲಿಲ್ಲಿ, ಆರ್ಕಿಡ್‌ಗಳು ಇಂದು ನಗರವಾಸಿಗಳಿಗೆ ಅಪರೂಪದ ನೋಟವಲ್ಲ. ಅವುಗಳಲ್ಲಿ ಹಲವು ತೋಟದಿಂದ ಬಂದವಲ್ಲ. ಸಕ್ಕರೆಯಿಂದ ದಳದಳವಾಗಿ ರೂಪಿಸಿದಂಥವು. ಕೇಕಿನ ತುಂಡಿನೊಡನೆ ಅಂತಹ ಹೂವೊಂದು ತಟ್ಟೆಗೆ ಬಂದಾಗ ಅದನ್ನು ತಿನ್ನಬೇಕೋ, ಪಕ್ಕಕ್ಕೆ ಸರಿಸಬೇಕೋ ಎಂಬ ಸಂದೇಹ ಸಹಜವೇ. ಮಕ್ಕಳಿರುವ ಮನೆಗಳಲ್ಲಿ ಈ ಸಂದೇಹ ಪರಿಹಾರವಾಗುವುದು ಅಗತ್ಯ ಕೂಡ. ಏಕೆಂದರೆ ಕೇಕಿನ ಮೇಲಿನ ಹೂವಿಗೆ ಮೊದಲು ಕೈಹಾಕುವವರು ಅವರೇ.

ಉತ್ತರವನ್ನು ಮೊದಲೇ ಹೇಳಿಬಿಡಬಹುದು. ದಳಗಳಿಗೆ ಬಳಸುವ ಸಕ್ಕರೆಯ ಕಣಕ ತಿನ್ನುವ ವಸ್ತುವೇ ಹೌದು. ಆದರೆ ಅದರಿಂದ ಸಿದ್ಧವಾದ, ನಿಜ ಹೂವೆಂದೇ ಭ್ರಮೆ ಹುಟ್ಟಿಸುವ ಹೂವು ಬಹುಪಾಲು ಸಂದರ್ಭಗಳಲ್ಲಿ ತಿನ್ನಲೆಂದು ಮಾಡಿದ್ದಲ್ಲ.

ಹೂವುಗಳಲ್ಲಿ ಬಗೆಗಳು

ಕೇಕಿನ ಮೇಲಿನ ಹೂವುಗಳೆಲ್ಲ ಒಂದೇ ಜಾತಿಯವಲ್ಲವೆಂಬುದನ್ನು ಗಮನಿಸಬೇಕು. ಕರ್ನಾಟಕದ ಬೇಕರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರೀಮಿನ ಗುಲಾಬಿಯನ್ನು ಚೀಲದ ಮೂತಿಯಿಂದ ಹಿಂಡಿ ಮಾಡಲಾಗುತ್ತದೆ. ಬೆಣ್ಣೆ, ಡಾಲ್ಡಾ ಇಲ್ಲವೇ ಕಡೆದ ಕ್ರೀಮಿನೊಡನೆ ಸಕ್ಕರೆ ಪುಡಿ ಬೆರೆತ ಈ ಹೂವು ಕೇಕಿನದೇ ಭಾಗ, ತಿನ್ನಲೆಂದೇ ಇರುವಂಥದು. ಮೊಟ್ಟೆಯ ಬಿಳಿಭಾಗದೊಡನೆ ಐಸಿಂಗ್ ಸಕ್ಕರೆಯನ್ನು ಕಡೆದು ಮಾಡುವ ರಾಯಲ್ ಐಸಿಂಗಿನ ಪುಟ್ಟ ಹೂವುಗಳು ಒಣಗಿದ ಮೇಲೆ ಗರಿಗರಿಯಾಗುತ್ತವೆ, ಬಾಯಲ್ಲಿ ಕರಗುತ್ತವೆ. ಬಾದಾಮಿಯ ಮಾರ್ಜಿಪಾನ್ ಹೂವುಗಳಂತೂ ಮಿಠಾಯಿಯೇ ಸರಿ.

ಪ್ರಶ್ನೆ ಏಳುವುದು ಗಮ್ ಪೇಸ್ಟ್ ಎಂಬ ಅಂಟುಸಕ್ಕರೆಯ ಹೂವುಗಳ ವಿಷಯದಲ್ಲಿ. ನಯವಾದ ಐಸಿಂಗ್ ಸಕ್ಕರೆಗೆ ಮೊಟ್ಟೆಯ ಬಿಳಿಭಾಗ ಅಥವಾ ಜೆಲಟಿನ್, ಸ್ವಲ್ಪ ಕೊಬ್ಬು ಹಾಗೂ ಅಂಟು ಸೇರಿಸಿ ಇದನ್ನು ನಾದುತ್ತಾರೆ. ಈ ಅಂಟು ಹಿಂದಿನಿಂದಲೂ ಟ್ರಾಗಕಾಂತ್. ಪಶ್ಚಿಮ ಏಷ್ಯಾದ ಒಣಭೂಮಿಯಲ್ಲಿ ಬೆಳೆಯುವ ಆಸ್ಟ್ರಾಗಲಸ್ ಪೊದೆಗಳ ಒಸರು. ಈಗ ಸೆಲ್ಯುಲೋಸ್‌ನಿಂದ ತಯಾರಾಗುವ ಸಿ.ಎಂ.ಸಿ. ಪುಡಿ ಅದರ ಸ್ಥಾನಕ್ಕೆ ಬಂದಿದೆ. ಅಂಟಿನ ಬಲದಿಂದ ಕಣಕವನ್ನು ಬೆಳಕು ತೂರುವಷ್ಟು ತೆಳುವಾಗಿ ಲಟ್ಟಿಸಬಹುದು, ದಳದ ಅಂಚನ್ನು ಸುರುಳಿಗೊಳಿಸಬಹುದು. ಒಣಗಿತೆಂದರೆ ಪಿಂಗಾಣಿಯಂತೆ ಗಟ್ಟಿ, ಬಿದ್ದರೆ ಪಿಂಗಾಣಿಯಂತೆಯೇ ಚೂರು. ರುಚಿಯ ವಿಷಯದಲ್ಲಿ ಹೇಳಬೇಕಾದುದು ಹೆಚ್ಚಿಲ್ಲ: ಬರಿಯ ಸಿಹಿ, ಜೊತೆಗೆ ಸೀಮೆಸುಣ್ಣ ಕಡಿದಂಥ ಅನುಭವ. ತಿಂದವರು ಎರಡನೆಯ ದಳ ಕೇಳುವುದು ವಿರಳ.

ಒಳಗಿರುವುದೇನು?

ರುಚಿ ಇಲ್ಲವೆಂಬ ಒಂದೇ ಕಾರಣವಾಗಿದ್ದರೆ ಎಚ್ಚರಿಕೆ ಬೇಕಿರಲಿಲ್ಲ. ಅಂಟುಸಕ್ಕರೆಯ ದೊಡ್ಡ ಹೂವಿನಲ್ಲಿ ಪ್ರತಿ ದಳದ ಬುಡಕ್ಕೂ ಕಾಗದ ಸುತ್ತಿದ ಸಣ್ಣ ತಂತಿಯೊಂದನ್ನು ತೂರಿಸಿರುತ್ತಾರೆ. ಒಣಗಿದ ದಳಗಳನ್ನು ಆ ತಂತಿಗಳ ಮೂಲಕವೇ ಒಟ್ಟುಗೂಡಿಸಿ, ಮೇಣ ಲೇಪಿತ ಹಸಿರು ಪಟ್ಟಿಯಿಂದ ಸುತ್ತಿ ತೊಟ್ಟು ಮಾಡುತ್ತಾರೆ. ನಡುವಿನ ಕೇಸರಗಳು ಹಲವು ಬಾರಿ ನೂಲಿನವು, ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುವಂಥವು. ಮೊಗ್ಗಿನ ಒಳಗಡೆ ಥರ್ಮೋಕೋಲಿನ ಗುಂಡು ಇರುವುದೂ ಉಂಟು. ಹೊರಗೆ ಕಾಣುವ ಸಕ್ಕರೆಯನ್ನು ನಂಬಿ ಕಚ್ಚಿದ ಮಗುವಿಗೆ ತಂತಿ ಚುಚ್ಚಬಹುದು, ಗಂಟಲಿನಲ್ಲಿ ಸಿಕ್ಕಬಹುದು.

ತಂತಿಯನ್ನು ನೇರವಾಗಿ ಕೇಕಿಗೆ ಚುಚ್ಚಬಾರದೆಂಬುದು ಈ ಕಸುಬಿನ ಮೂಲ ಪಾಠಗಳಲ್ಲಿ ಒಂದು. ಹೂಗೊಂಚಲನ್ನು ಸಣ್ಣ ಪ್ಲಾಸ್ಟಿಕ್ ನಳಿಕೆಯಲ್ಲಿ ನಿಲ್ಲಿಸಿ, ಆ ನಳಿಕೆಯನ್ನು ಕೇಕಿನಲ್ಲಿ ಹೂಳುವುದು ಸರಿಯಾದ ಕ್ರಮ. ಕೇಕು ಕತ್ತರಿಸುವ ಮುನ್ನ ಗೊಂಚಲನ್ನು ನಳಿಕೆ ಸಮೇತ ಎತ್ತಿಬಿಟ್ಟರೆ ಯಾವ ಚೂರೂ ಒಳಗೆ ಉಳಿಯದು. ಅವಸರದ ಕೆಲಸದಲ್ಲಿ ಈ ನಿಯಮ ಮುರಿಯುವುದುಂಟು. ಆದ್ದರಿಂದ ಎತ್ತಿದ ನಂತರ ತಂತಿಗಳ ಲೆಕ್ಕ ನೋಡುವುದು ಲೇಸು.

ಬಣ್ಣದ ಪುಡಿಯ ಪ್ರಶ್ನೆ

ತಂತಿ ಕಣ್ಣಿಗೆ ಕಾಣುತ್ತದೆ. ಬಣ್ಣದ ದೋಷ ಕಾಣುವುದಿಲ್ಲ. ದಳಗಳಿಗೆ ನೆರಳು ಬೆಳಕಿನ ಛಾಯೆ ಕೊಡಲು ಒಣ ಕುಂಚದಿಂದ ಬಣ್ಣದ ಪುಡಿ ಸವರುತ್ತಾರೆ, ಹೊಳಪಿಗೆ ಚಿನ್ನ ಬೆಳ್ಳಿಯ ಬಣ್ಣದ ಪುಡಿ ಉದುರಿಸುತ್ತಾರೆ. ಇವುಗಳಲ್ಲಿ ತಿನ್ನಬಹುದಾದ ಪುಡಿಗಳೂ ಇವೆ, ಕೇವಲ ಅಲಂಕಾರಕ್ಕೆಂದು ಮಾರುವ ಪುಡಿಗಳೂ ಇವೆ. ಎರಡನೆಯ ಬಗೆಯ ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂಬ ಮಾತಿರುತ್ತದೆ. ವಿಷವಲ್ಲ ಎಂದ ಮಾತ್ರಕ್ಕೆ ತಿನ್ನಬಹುದು ಎಂದರ್ಥವಲ್ಲ. ಶಾಲಾ ಮಕ್ಕಳ ಬಣ್ಣದ ಕಡ್ಡಿಗಳ ಮೇಲೂ ಅದೇ ಮಾತಿರುತ್ತದೆ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಅಮೆರಿಕದ ಎರಡು ಘಟನೆಗಳು ಸಾಕ್ಷಿ. 2018ರಲ್ಲಿ ರೋಡ್ ಐಲೆಂಡ್ ರಾಜ್ಯದಲ್ಲಿ ಚಿನ್ನದ ಬಣ್ಣದ ಪುಡಿ ಹಚ್ಚಿದ ಹುಟ್ಟುಹಬ್ಬದ ಕೇಕನ್ನು ತಿಂದ ಆರು ಮಕ್ಕಳು ಅಸ್ವಸ್ಥರಾದರು. ಪರೀಕ್ಷಿಸಿದಾಗ ಆ ಲೇಪದಲ್ಲಿ ಅಪಾರ ಪ್ರಮಾಣದ ತಾಮ್ರ ಕಂಡುಬಂದಿತು. ಮರುವರ್ಷ ಮಿಸೌರಿ ರಾಜ್ಯದಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸದ ಅಂಶ ಹೆಚ್ಚಾಗಿರುವುದು ಪತ್ತೆಯಾದಾಗ, ತನಿಖೆ ಕೇಕಿನ ಮೇಲಿನ ಹಳದಿ ಹೂವುಗಳ ತನಕ ಹೋಯಿತು. ಅವುಗಳಿಗೆ ಬಳಸಿದ ಹಳದಿ ಪುಡಿಯಲ್ಲಿ ಕಾಲುಭಾಗದಷ್ಟು ಸೀಸವೇ ಇತ್ತು! ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಈ ಎರಡು ಪ್ರಕರಣಗಳ ವರದಿಯನ್ನು ಪ್ರಕಟಿಸಿತು. ತಿನ್ನಲು ಯೋಗ್ಯವಾದ ಪುಡಿಯ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಇರಲೇಬೇಕು. ಪಟ್ಟಿ ಇಲ್ಲದ ಪುಡಿ ಕೇಕಿಗೆ ಸಲ್ಲದು ಎಂಬುದು ಆ ದೇಶದ ಆಹಾರ ಮತ್ತು ಔಷಧ ಆಡಳಿತದ ಸಲಹೆ.

ಭಾರತದಲ್ಲಿಯೂ ಇದೇ ಅಳತೆಗೋಲು ಉಪಯುಕ್ತ. ಇಲ್ಲಿ ಆಹಾರಕ್ಕೆ ಅನುಮತಿ ಪಡೆದ ಕೃತಕ ಬಣ್ಣಗಳು ಬೆರಳೆಣಿಕೆಯಷ್ಟು ಮಾತ್ರ, ಅವುಗಳಿಗೂ ಮಿತಿಯುಂಟು. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿಯೊಂದಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಬಹುದು. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣದ ಬಳಕೆಯ ವಿರುದ್ಧ ಕ್ರಮ ಕೈಗೊಂಡಿತು. ಅದೇ ವರ್ಷ ಪರೀಕ್ಷೆಗೊಳಗಾದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಆಹಾರ ಸುರಕ್ಷತಾ ಇಲಾಖೆ ಅಕ್ಟೋಬರ್‌ನಲ್ಲಿ ತಿಳಿಸಿತು, ಕಾರಣ ಬಣ್ಣಗಳೇ. ಅದು ಕೇಕಿನ ಮಾತು, ಹೂವಿನದಲ್ಲ. ಆದರೂ ಕೇಕಿಗೇ ಇಷ್ಟು ಬಣ್ಣ ಬೀಳುವಾಗ ತಿನ್ನಲೆಂದು ಮಾಡದ ಹೂವಿನ ಬಗ್ಗೆ ಸಂಶಯಿಸುವುದರಲ್ಲಿ ತಪ್ಪಿಲ್ಲ.

ಸಸ್ಯಾಹಾರಿಗಳು ಇನ್ನೊಂದು ಅಂಶವನ್ನು ಗಮನಿಸಬೇಕಾಗುತ್ತದೆ. ಮೊಟ್ಟೆರಹಿತ ಕೇಕೆಂದು ಕೇಳಿ ತರಿಸಿದರೂ ಅದರ ಮೇಲಿನ ಹೂವಿನಲ್ಲಿ ಮೊಟ್ಟೆಯ ಬಿಳಿಭಾಗ ಅಥವಾ ಪ್ರಾಣಿಮೂಲದ ಜೆಲಟಿನ್ ಇರುವ ಸಾಧ್ಯತೆ ಇದೆ. ಸಿ.ಎಂ.ಸಿ. ಅಥವಾ ಟ್ರಾಗಕಾಂತ್ ಅಂಟಿನಿಂದಲೇ ಹೂ ಮಾಡಿಕೊಡುವವರೂ ಇದ್ದಾರೆ. ಆದರೆ ಕೇಳದೆ ತಿಳಿಯದು.

ನೋಡಲೆಂದೇ ಬೆಳೆದ ಕಲೆ

ತಿನ್ನಲಾಗದ ವಸ್ತುವನ್ನು ತಿನ್ನುವ ಪದಾರ್ಥದಿಂದ ಏಕೆ ಮಾಡಬೇಕು ಎಂಬ ಆಕ್ಷೇಪಕ್ಕೆ ಇತಿಹಾಸದಲ್ಲಿ ಉತ್ತರವಿದೆ. ಯೂರೋಪಿನಲ್ಲಿ ಸಕ್ಕರೆ ಬೆಲೆಬಾಳುತ್ತಿದ್ದ ಕಾಲದಲ್ಲಿ ಅದರ ಶಿಲ್ಪಗಳನ್ನು ಔತಣದ ಮೇಜಿನ ಮೇಲಿಡುವುದು ಸಿರಿವಂತಿಕೆಯ ಪ್ರದರ್ಶನವಾಗಿತ್ತು. 1574ರಲ್ಲಿ ಫ್ರಾನ್ಸಿನ ದೊರೆ ಮೂರನೆಯ ಹೆನ್ರಿ ವೆನಿಸ್‌ಗೆ ಭೇಟಿಯಿತ್ತಾಗ ಅವನ ಮುಂದಿನ ತಟ್ಟೆ, ಚಾಕು, ಕೈವಸ್ತ್ರಗಳೆಲ್ಲವೂ ಸಕ್ಕರೆಯವಾಗಿದ್ದವಂತೆ. ಕೈವಸ್ತ್ರ ಎತ್ತಿಕೊಂಡಾಗ ಅದು ಮುರಿಯಿತೆಂದು ಹೇಳಲಾಗುತ್ತದೆ. ಬ್ರಿಟನ್ನಿನಲ್ಲಿ ಮದುವೆಯ ಕೇಕಿನ ಅಲಂಕಾರವಾಗಿ ಈ ಕಲೆ ಬೇರೂರಿತು. 2011ರಲ್ಲಿ ರಾಜಕುಮಾರ ವಿಲಿಯಂ ಮತ್ತು ಕೇಟ್ ಮಿಡಲ್‌ಟನ್ ಮದುವೆಗೆ ಫಿಯೋನಾ ಕೇರ್ನ್ಸ್ ಸಿದ್ಧಪಡಿಸಿದ ಎಂಟು ಅಂತಸ್ತಿನ ಕೇಕಿನ ಮೇಲೆ ಸುಮಾರು 900 ಸಕ್ಕರೆ ಹೂವು, ಎಲೆಗಳಿದ್ದವು. ಅವುಗಳಲ್ಲಿ ಲಿಲ್ಲಿ ಆಫ್ ದಿ ವ್ಯಾಲಿಯೂ ಸೇರಿತ್ತು. ನಿಜವಾದ ಆ ಹೂವು ವಿಷಕಾರಿ. ಕೇಕಿನ ಸಮೀಪಕ್ಕೂ ತರಬಾರದಂಥದು. ಇಂತಹ ಹೂವುಗಳ ವಿಷಯದಲ್ಲಿ ಸಕ್ಕರೆಯ ಪ್ರತಿಕೃತಿಗೆ ಇರುವ ಅನುಕೂಲ ಎದ್ದು ಕಾಣುತ್ತದೆ.

ಬೆಂಗಳೂರಿಗೂ ಈ ಕಲೆಯ ನಂಟು ಹೊಸದಲ್ಲ. 1970ರ ದಶಕದಿಂದ ಕ್ರಿಸ್‌ಮಸ್ ಸಮಯದಲ್ಲಿ ನಡೆದುಬಂದ ನಗರದ ವಾರ್ಷಿಕ ಕೇಕ್ ಪ್ರದರ್ಶನ 2024ರಲ್ಲಿ ಐವತ್ತನೆಯ ಆವೃತ್ತಿ ಕಂಡಿತು. ಅಲ್ಲಿ ಸಕ್ಕರೆಯಲ್ಲಿ ಕಟ್ಟಿದ ಕೋಟೆ, ಮಂದಿರ, ಹೂಬುಟ್ಟಿಗಳನ್ನು ಜನ ಸಾಲುಗಟ್ಟಿ ನೋಡುತ್ತಾರೆ. ಅವುಗಳನ್ನು ತಿನ್ನುವ ಯೋಚನೆ ಯಾರಿಗೂ ಬರುವುದಿಲ್ಲ.

ಕನ್ನಡಿಗರ ಗೊಂದಲಕ್ಕೆ ಸಂಕ್ರಾಂತಿಯ ಸಕ್ಕರೆ ಅಚ್ಚು ಒಂದು ಕಾರಣವಿರಬಹುದು. ಮರದ ಅಚ್ಚಿಗೆ ಪಾಕ ಹೊಯ್ದು ತೆಗೆದ ಗಿಣಿ, ಕಮಲ, ತುಳಸಿಕಟ್ಟೆಗಳನ್ನು ಎಳ್ಳು ಬೆಲ್ಲದೊಡನೆ ಬೀರಿ, ಮಕ್ಕಳು ಕಡಿದು ಮುಗಿಸುವುದನ್ನು ಕಂಡು ಬೆಳೆದವರಿಗೆ ಸಕ್ಕರೆಯ ಹೂವನ್ನು ತಿನ್ನಬಾರದೆಂದರೆ ವಿಚಿತ್ರವೆನಿಸುತ್ತದೆ. ಅಚ್ಚಿನೊಳಗೆ ಪಾಕವಲ್ಲದೆ ಬೇರೇನೂ ಇರುವುದಿಲ್ಲ, ತಂತಿಯಂತೂ ಇಲ್ಲವೇ ಇಲ್ಲ. ವ್ಯತ್ಯಾಸ ಇರುವುದು ಅಲ್ಲೇ.

ಕೇಕು ಮಾಡಿಸುವವರು ಮುಂಗಡ ಕೊಡುವಾಗಲೇ ಹೂವಿನಲ್ಲಿ ತಂತಿಯಿದೆಯೇ, ಹೊಳಪಿನ ಪುಡಿ ಯಾವುದು, ಮೊಟ್ಟೆ ಅಥವಾ ಜೆಲಟಿನ್ ಸೇರಿದೆಯೇ ಎಂದು ವಿಚಾರಿಸಿಕೊಳ್ಳುವುದು ಉತ್ತಮ. ತಿನ್ನುವ ಹೂವೇ ಬೇಕೆಂದರೆ ತಂತಿಯಿಲ್ಲದೆ ಮಾಡಿಕೊಡಲು ಸಾಧ್ಯವಿದೆ. ಹೂವು ಅಷ್ಟು ನಾಜೂಕಾಗಿ ಅರಳದು, ಅಷ್ಟೆ. ತಂತಿಯ ಹೂವಾದರೆ ಕತ್ತರಿಸುವ ಮೊದಲೇ ಎತ್ತಿಟ್ಟು ನೆನಪಿಗೆಂದು ಉಳಿಸಿಕೊಳ್ಳಬಹುದು. ತೇವ ಮತ್ತು ಬಿಸಿಲು ತಾಗದಂತೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು; ಹೊರತೆಗೆದೊಡನೆ ತೇವ ಹೀರಿ ದಳಗಳು ಜೋತುಬೀಳುತ್ತವೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಡುವುದು ಅವಶ್ಯ.