ಹಸಿವೋ, ಹಂಚಿಕೊಂಡ ಹೊತ್ತೋ? ರಂಜಾನ್ ಉಪವಾಸ ಮತ್ತು ಮನಸ್ಸಿನ ಸ್ವಾಸ್ಥ್ಯ: ಹಳಿಯಾಳ ಸೀಮೆಯಿಂದ ಒಂದು ಮರುವಿಚಾರ

ರಂಜಾನ್ ತಿಂಗಳ ಉಪವಾಸ ಮನಸ್ಸನ್ನು ತಿಳಿಗೊಳಿಸುತ್ತದೆ ಎಂಬ ಮಾತನ್ನು ಇಂದು ಅಲ್ಲಗಳೆಯುವವರು ಕಡಿಮೆ. ಧರ್ಮಬೋಧಕರು ಇದನ್ನು ಸಂಯಮದ ಫಲವೆಂದು ವಿವರಿಸುತ್ತಾರೆ. ಆರೋಗ್ಯದ ಬಗ್ಗೆ ಬರೆಯುವವರು ಹೊಟ್ಟೆ ಖಾಲಿಯಿದ್ದಾಗ ದೇಹದೊಳಗೆ ನಡೆಯುವ ಮಾರ್ಪಾಡುಗಳ ಕಡೆಗೆ ಬೊಟ್ಟು ಮಾಡುತ್ತಾರೆ. ಇತ್ತೀಚೆಗೆ ಅರ್ಥಶಾಸ್ತ್ರಜ್ಞರೂ ಈ ಚರ್ಚೆಗೆ ಇಳಿದು, ಉಪವಾಸದ ಗಂಟೆಗಳಿಗೂ ಬದುಕಿನ ತೃಪ್ತಿಗೂ ಲೆಕ್ಕದ ನಂಟು ಹಾಕಿದ್ದಾರೆ. ಫಲವಿದೆ ಎಂಬಲ್ಲಿ ಇವರೆಲ್ಲ ಒಂದಾಗುತ್ತಾರೆ, ಅದರ ಮೂಲ ಯಾವುದು ಎಂಬಲ್ಲಿ ಬೇರೆಯಾಗುತ್ತಾರೆ. ಆದರೂ ಮೂರೂ ವಿವರಣೆಗಳ ತಳದಲ್ಲಿ ಒಂದು ಸಮಾನ ಊಹೆಯಿದೆ: ಉಪವಾಸ ಒಬ್ಬೊಬ್ಬ ವ್ಯಕ್ತಿ ತನ್ನ ದೇಹದ ಮೇಲೆ ಹೇರಿಕೊಳ್ಳುವ ಕಷ್ಟ, ಆ ಕಷ್ಟವೇ ಮನಸ್ಸಿಗೆ ಮದ್ದು. ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದ ಪರಿಸ್ಥಿತಿಯನ್ನು ಎದುರಿಗಿಟ್ಟುಕೊಂಡು ಈ ಊಹೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಂಜಾನ್ ಉಪವಾಸದ ಮಾನಸಿಕ ಫಲದಲ್ಲಿ ಹಸಿವಿನ ಪಾಲಿಗಿಂತ, ಒಂದು ಸಮುದಾಯ ತನ್ನ ದಿನದ ಹೊತ್ತನ್ನು ಒಟ್ಟಾಗಿ ಮರುಜೋಡಿಸಿಕೊಳ್ಳುವುದರ ಪಾಲು ದೊಡ್ಡದು ಎಂಬುದು ಇಲ್ಲಿಯ ವಾದ.

ಒಪ್ಪಿತ ಸಂಗತಿಗಳನ್ನು ಮೊದಲು ಚಿಕ್ಕದಾಗಿ ಹೇಳಿಬಿಡಬಹುದು. ಉಪವಾಸವನ್ನು ವಿಧಿಸುವ ಕುರಾನಿನ ಎರಡನೆಯ ಅಧ್ಯಾಯದ 183ರಿಂದ 185ರವರೆಗಿನ ವಚನಗಳು ಅದರ ಗುರಿಯನ್ನು ದೇವಭಯವುಳ್ಳ ಎಚ್ಚರದ ಬಾಳಿಗೆ ಜೋಡಿಸುತ್ತವೆ. ರೋಗಿಗೂ ಪ್ರಯಾಣಿಕನಿಗೂ ಅಲ್ಲಿಯೇ ವಿನಾಯಿತಿ ಸಿಗುತ್ತದೆ. ಇಮಾಮ್ ಗಜಾಲಿ ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಉಪವಾಸಕ್ಕೆ ಮೂರು ಮೆಟ್ಟಿಲುಗಳನ್ನು ಗುರುತಿಸುತ್ತಾರೆ. ಮೊದಲನೆಯದು ಹೊಟ್ಟೆಯದು, ಎರಡನೆಯದು ಕಣ್ಣು, ಕಿವಿ, ನಾಲಿಗೆ, ಕೈಕಾಲುಗಳದು, ಮೂರನೆಯದು ಹೃದಯದ್ದು. ಆಧುನಿಕ ಅಧ್ಯಯನಗಳಿಗೆ ಬಂದರೆ, ಜೋರ್ಡಾನಿನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನ ರಂಜಾನಿನಲ್ಲಿ ಆತ್ಮಹತ್ಯಾ ಯತ್ನಗಳು ಇಳಿದದ್ದನ್ನು ದಾಖಲಿಸಿತು. ಭಾರತವೂ ಸೇರಿದಂತೆ 13 ದೇಶಗಳ ಮಧುಮೇಹಿಗಳನ್ನು ಒಳಗೊಂಡು 2004ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ಎರಡನೆಯ ಬಗೆಯ ಮಧುಮೇಹವುಳ್ಳವರಲ್ಲಿ ಶೇ. 78.7ರಷ್ಟು ಮಂದಿ ಕನಿಷ್ಠ 15 ದಿನ ರೋಜಾ ಹಿಡಿದಿದ್ದರು. ವಿನಾಯಿತಿಗೆ ಅರ್ಹರಾದವರೂ ಅದನ್ನು ಬಳಸಿಕೊಳ್ಳಲು ಹಿಂಜರಿಯುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. ಜೀವಕೋಶ ತನ್ನ ಕಸವನ್ನು ತಾನೇ ಜೀರ್ಣಿಸಿಕೊಳ್ಳುವ ಕ್ರಿಯೆಯ ಶೋಧಕ್ಕಾಗಿ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದ ಮೇಲೆ, ಅದನ್ನೇ ರೋಜಾದ ವೈಜ್ಞಾನಿಕ ಪುರಾವೆಯೆಂದು ಸಾರುವ ಬರಹಗಳು ಹೆಚ್ಚಿದವು. ಅವರ ಮೂಲ ಪ್ರಯೋಗಗಳು ನಡೆದದ್ದು ಯೀಸ್ಟ್ ಕೋಶಗಳ ಮೇಲೆ. ಅಲ್ಲಿಂದ ಮನುಷ್ಯನ ಮನಶ್ಶಾಂತಿಗೆ ನೇರವಾಗಿ ಜಿಗಿಯುವುದು ವಿಜ್ಞಾನಕ್ಕೂ ನ್ಯಾಯವಲ್ಲ, ಧರ್ಮಕ್ಕೂ ಗೌರವವಲ್ಲ. ಇನ್ನು ಈ ಸೀಮೆಯಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿಗಳ ಕುರಿತು ಟಿ. ಸಿ. ಪಾಲಾಕ್ಷಪ್ಪನವರ 1976ರ ಗ್ರಂಥದಿಂದ ಪಾಶಿಂಗ್ಟನ್ ಓಬೆಂಗ್ ಅವರ 2007ರ ಗ್ರಂಥದವರೆಗೆ ಗಟ್ಟಿ ಕೆಲಸವಾಗಿದೆ. ಆದರೆ ಆ ಓದಿನಲ್ಲಿ ಧರ್ಮಾಚರಣೆ ಬಹುಮಟ್ಟಿಗೆ ಸಮಾಜರಚನೆಯ, ಅಸ್ಮಿತೆಯ ಪ್ರಶ್ನೆಯಾಗಿ ಬರುತ್ತದೆ.

ವಿವಾದದ ಕೇಂದ್ರದಲ್ಲಿರುವುದು ಫಿಲಿಪೆ ಕಂಪಾಂಟೆ ಮತ್ತು ಡೇವಿಡ್ ಯನಗಿಜಾವಾ-ಡ್ರಾಟ್ 2015ರಲ್ಲಿ ‘ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಇಸ್ಲಾಮಿ ಪಂಚಾಂಗ ಚಾಂದ್ರಮಾನದ್ದಾದ್ದರಿಂದ ರಂಜಾನ್ ವರ್ಷಕ್ಕೆ 10–11 ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಬೇಸಿಗೆಯ ಹಗಲು ಉದ್ದ, ಚಳಿಗಾಲದ ಹಗಲು ಗಿಡ್ಡ. ಆದ್ದರಿಂದ ಟರ್ಕಿಯಂಥ ದೇಶದಲ್ಲಿ ಉಪವಾಸದ ಅವಧಿ ದಶಕಗಳಲ್ಲಿ ಹಲವು ಗಂಟೆಗಳಷ್ಟು ಏರಿಳಿಯುತ್ತದೆ. ಈ ಏರಿಳಿತವನ್ನೇ ಅಳತೆಗೋಲು ಮಾಡಿಕೊಂಡ ಲೇಖಕರು, ಮುಸ್ಲಿಂ ಬಹುಸಂಖ್ಯಾತ ದೇಶಗಳಲ್ಲಿ ಉಪವಾಸದ ಗಂಟೆ ಹೆಚ್ಚಾದಾಗ ಆರ್ಥಿಕ ಬೆಳವಣಿಗೆ ಕುಗ್ಗುತ್ತದೆ, ಆದರೆ ಮುಸ್ಲಿಮರು ತಾವೇ ಹೇಳಿಕೊಳ್ಳುವ ಬದುಕಿನ ತೃಪ್ತಿ ಏರುತ್ತದೆ ಎಂದು ತೋರಿಸಿದರು. ಋತುವಿನ ಪ್ರಭಾವವನ್ನು ಬೇರ್ಪಡಿಸಲು ಅಕ್ಷಾಂಶವನ್ನು ಬಳಸಿಕೊಂಡ ಜಾಣ್ಮೆ ಆ ಪ್ರಬಂಧದ ಬಲ. ಅದರ ಅಂಕಿಅಂಶಗಳ ಬಗ್ಗೆ ಇಲ್ಲಿ ತಕರಾರಿಲ್ಲ. ತಕರಾರಿರುವುದು ಆ ಅಂಕಿಗಳಿಂದ ಓದುಗರು ತೆಗೆಯುತ್ತಿರುವ ತೀರ್ಮಾನದ ಬಗ್ಗೆ: ಕಷ್ಟ ಹೆಚ್ಚಿದಷ್ಟೂ ನೆಮ್ಮದಿ ಹೆಚ್ಚು, ಆದ್ದರಿಂದ ಕಷ್ಟವೇ ನೆಮ್ಮದಿಯ ಮೂಲ.

ಈ ತೀರ್ಮಾನವನ್ನು ಹಳಿಯಾಳಕ್ಕೆ ತಂದು ನೋಡಿದರೆ ಅದರ ಬಿರುಕು ಕಾಣುತ್ತದೆ. ಊರಿರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರಿನ ಉಪವಾಸ ನಸುಕಿನಿಂದ ಸೂರ್ಯಾಸ್ತದವರೆಗೆ ಹೆಚ್ಚುಕಡಿಮೆ ಹನ್ನೆರಡೂವರೆ ಗಂಟೆಯಾದರೆ, ಜೂನಿನದು ಹದಿನಾಲ್ಕು ಗಂಟೆಗಿಂತ ತುಸು ಹೆಚ್ಚು. ಮೂವತ್ತಮೂರು ವರ್ಷದ ಪೂರ್ಣ ಸುತ್ತಿನಲ್ಲೂ ವ್ಯತ್ಯಾಸ ಎರಡು ಗಂಟೆ ಮುಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಈ ಮಲೆನಾಡಿನ ಅಂಚಿನಲ್ಲಿ ಗಂಟೆಗೂ ಕಷ್ಟಕ್ಕೂ ಇರಬೇಕಾದ ಹೊಂದಿಕೆ ತಪ್ಪುತ್ತದೆ ಎಂಬುದು. 2016ರಲ್ಲಿ ರಂಜಾನ್ ಜೂನ್ ಮೊದಲ ವಾರದಿಂದ ಜುಲೈ ಮೊದಲ ವಾರದವರೆಗೆ ಬಂತು. ಹಗಲು ವರ್ಷದಲ್ಲೇ ಅತಿ ಉದ್ದ, ಆದರೆ ಅದು ಮುಂಗಾರಿನ ಕಾಲ. ಮೋಡ ಕವಿದು ಗಾಳಿಯಲ್ಲಿ ತಂಪಿರುವಾಗ ನೀರಡಿಕೆ ಅಷ್ಟು ಕಾಡುವುದಿಲ್ಲ. 2024ರಲ್ಲಿ ರಂಜಾನ್ ಮಾರ್ಚ್ ಮಧ್ಯದಿಂದ ಏಪ್ರಿಲ್ ಎರಡನೆಯ ವಾರದವರೆಗೆ ನಡೆಯಿತು. ಉಪವಾಸದ ಅವಧಿ ಜೂನಿಗಿಂತ ಸುಮಾರು ಒಂದು ಗಂಟೆ ಕಡಿಮೆ, ಆದರೆ ಬಿಸಿಲು ನೆತ್ತಿ ಸುಡುವ ದಿನಗಳು. ಹೊಲದಲ್ಲೋ ಕಟ್ಟಡದ ಮೇಲೋ ದುಡಿಯುವವನಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಗಂಟಲೊಣಗುವುದು ಯಾವ ರಂಜಾನಿನಲ್ಲಿ ಎಂದು ಕೇಳಿದರೆ ಉತ್ತರಕ್ಕೆ ಪಂಚಾಂಗ ನೋಡಬೇಕಿಲ್ಲ. ಗಂಟೆಯನ್ನೇ ಕಷ್ಟದ ಅಳತೆಯೆಂದು ಹಿಡಿದರೆ ಈ ಸೀಮೆಯ ಸುಲಭದ ರಂಜಾನ್ ಕಠಿಣವೆಂದೂ ಕಠಿಣ ರಂಜಾನ್ ಸುಲಭವೆಂದೂ ದಾಖಲಾಗುತ್ತದೆ.

ಕಷ್ಟವೇ ಮೂಲವೆಂಬ ವಾದಕ್ಕೆ ಇನ್ನೂ ದೊಡ್ಡ ತೊಡಕು ವಿನಾಯಿತಿಗಳದು. ಲಾರೆನ್ಸ್ ಯಾನಕೋನ್ 1992ರಲ್ಲಿ ಮಂಡಿಸಿದ ಪ್ರಸಿದ್ಧ ಸಿದ್ಧಾಂತದಂತೆ, ದುಬಾರಿ ಆಚರಣೆಗಳು ಅರೆಮನಸ್ಸಿನವರನ್ನು ಸೋಸಿ ಹೊರಗಿಟ್ಟು, ಉಳಿದವರ ಬಂಧವನ್ನು ಬಿಗಿಗೊಳಿಸುತ್ತವೆ. ಸಣ್ಣ ಪಂಥಗಳ ವಿಷಯದಲ್ಲಿ ಇದು ಒಪ್ಪುವ ಮಾತಿರಬಹುದು. ರಂಜಾನ್ ಉಪವಾಸಕ್ಕೆ ಹೊಂದುವುದಿಲ್ಲ. ಮಕ್ಕಳು, ಅಶಕ್ತ ವೃದ್ಧರು, ರೋಗಿಗಳು, ಪ್ರಯಾಣಿಕರು, ತಮಗೋ ಮಗುವಿಗೋ ತೊಂದರೆಯ ಭಯವಿರುವ ಗರ್ಭಿಣಿಯರು ಮತ್ತು ಬಾಣಂತಿಯರು, ಮುಟ್ಟಿನ ದಿನಗಳಲ್ಲಿರುವ ಹೆಂಗಸರು, ಹೀಗೆ ಯಾವುದೇ ದಿನ ಎಣಿಸಿದರೂ ಮನೆಮನೆಯಲ್ಲಿ ಹಸಿವಿನಿಂದ ಹೊರಗುಳಿದವರು ಇದ್ದೇ ಇರುತ್ತಾರೆ. ಇವರನ್ನು ಸಮುದಾಯ ಹೊರಗಿಡುವುದಿಲ್ಲ. ತಾತ್ಕಾಲಿಕ ಕಾರಣವಿದ್ದವರು ಬಿಟ್ಟುಹೋದ ದಿನಗಳನ್ನು ಮುಂದೆ ಖಜಾ ಎಂದು ತುಂಬಿಕೊಡುತ್ತಾರೆ. ಎಂದೂ ಆಗದವರು ದಿನಕ್ಕೊಬ್ಬ ಬಡವನ ಊಟದ ಲೆಕ್ಕದಲ್ಲಿ ಫಿದ್ಯಾ ಕೊಡುತ್ತಾರೆ. ಹಬ್ಬದ ನಮಾಜಿಗೆ ಮುಂಚೆ ಕೊಡಬೇಕಾದ ಫಿತ್ರಾವನ್ನು ಮನೆಯ ಯಜಮಾನ ರೋಜಾ ಹಿಡಿಯದ ಕೂಸಿನ ಹೆಸರಿನಲ್ಲೂ ಕೊಡುತ್ತಾನೆ. ಸೋಸಿ ಹೊರಹಾಕುವುದೇ ಈ ಆಚರಣೆಯ ಗುಟ್ಟಾಗಿದ್ದರೆ ಇಷ್ಟು ಬಾಗಿಲುಗಳನ್ನು ತೆರೆದಿಡುವ ಅಗತ್ಯವಿರಲಿಲ್ಲ.

ಹಾಗಾದರೆ ಹಸಿದವರಿಗೂ ಹಸಿಯದವರಿಗೂ ಆ ತಿಂಗಳು ಸಮಾನವಾಗಿ ಕೊಡುವುದು ಯಾವುದನ್ನು? ಹೊತ್ತಿನ ಹೊಸ ಜೋಡಣೆಯನ್ನು. ಸಂಜೆಯ ಇಫ್ತಾರಿನ ಕೊನೆಯ ಐದು ನಿಮಿಷಗಳನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಹಾಸಿದ ದಸ್ತರಖಾನಿನ ಮೇಲೆ ಖರ್ಜೂರ, ಹೆಚ್ಚಿದ ಹಣ್ಣು, ನೀರಿನ ಲೋಟ ಸಿದ್ಧವಾಗಿರುತ್ತವೆ. ತಿನ್ನಲು ಎಲ್ಲವೂ ಇದ್ದು, ಯಾರೂ ತಡೆಯದಿದ್ದರೂ, ಮಗ್ರಿಬಿನ ಅಜಾನ್ ಕಿವಿಗೆ ಬೀಳುವವರೆಗೆ ಸಾಲಿನಲ್ಲಿ ಒಂದು ಕೈಯೂ ಮುಂದಾಗುವುದಿಲ್ಲ. ಆ ಸಾಲಿನಲ್ಲಿ ಸಕ್ಕರೆ ಕಾಯಿಲೆಯಿಂದ ರೋಜಾ ಬಿಟ್ಟ ಅಜ್ಜನೂ ಇರುತ್ತಾನೆ, ಹಟ ಮಾಡಿ ಅರ್ಧ ದಿನ ಹಿಡಿದ ಮೊಮ್ಮಗನೂ ಇರುತ್ತಾನೆ, ಕಾಯುವಿಕೆ ಅವರದೂ ಹೌದು. ರಾತ್ರಿಯ ತರಾವೀಹ್ ನಮಾಜು, ನಸುಕಿನ ಸಹರಿ ಊಟ, ಕೊನೆಯ ಹತ್ತು ದಿನಗಳಲ್ಲಿ ಮಸೀದಿಯಲ್ಲೇ ಉಳಿಯುವ ಇತಿಕಾಫ್, ಇವೆಲ್ಲ ಸೇರಿ ಮನುಷ್ಯನ ದಿನಕ್ಕೆ ಒಂದು ಚೌಕಟ್ಟು ಕೊಡುತ್ತವೆ. ಖಿನ್ನತೆಗೆ ಸಿಕ್ಕವನ ಮೊದಲ ನಷ್ಟಗಳಲ್ಲಿ ಒಂದು ಇಂಥ ಚೌಕಟ್ಟೇ. ಏಳಲು, ಉಣ್ಣಲು, ನಾಲ್ಕು ಜನರ ನಡುವೆ ಕೂರಲು ಅವನಿಗೆ ಕಾರಣ ಸಾಲದಾಗುತ್ತದೆ. ರಂಜಾನ್ ಆ ಕಾರಣವನ್ನು ಅವನೊಬ್ಬನ ಇಚ್ಛಾಶಕ್ತಿಗೆ ಬಿಡದೆ ಊರಿನ ಹೆಗಲಿಗೆ ದಾಟಿಸುತ್ತದೆ.

ಇಲ್ಲಿಂದ ಈ ಲೇಖನದ ಅತಿ ದಿಟ್ಟ ಮಾತಿಗೆ ಬರಬಹುದು: ಒಬ್ಬ ಹೆಂಗಸು ರಂಜಾನಿನಲ್ಲಿ ಹಿಡಿದ ರೋಜಾಕ್ಕೂ, ಅವಳೇ ಅದೇ ರಂಜಾನಿನಲ್ಲಿ ಮುಟ್ಟಿನಿಂದ ಬಿಟ್ಟು ಮುಂದೆ ಖಜಾ ಎಂದು ಹಿಡಿದ ರೋಜಾಕ್ಕೂ ಮನಸ್ಸಿನ ಮೇಲೆ ಆಗುವ ಪರಿಣಾಮದಲ್ಲಿ ಗಣನೀಯ ವ್ಯತ್ಯಾಸ ಇರಬೇಕು. ದೇಹ ಅದೇ, ಸಂಕಲ್ಪ ಅದೇ, ಹಸಿವಿನ ಗಂಟೆಗಳೂ ಹೆಚ್ಚುಕಡಿಮೆ ಅಷ್ಟೇ. ಇಲ್ಲದಿರುವುದು ಜೊತೆಯ ಹೊತ್ತು ಮಾತ್ರ. ಮನೆಯವರೆಲ್ಲ ಮಧ್ಯಾಹ್ನದ ಊಟಕ್ಕೆ ಕೂತಾಗ ಅವರಿಗೆ ಬಡಿಸುತ್ತ ಅವಳೊಬ್ಬಳೇ ಹಸಿದಿರುತ್ತಾಳೆ. ಫಲ ಹಸಿವಿನಿಂದಲೇ ಬರುವುದಾದರೆ ಎರಡೂ ದಿನ ಸಮಾನವಾಗಿ ಬರಬೇಕು. ಈ ಮಾತಿಗೆ ಕೆಲವು ಅಂಕೆಗಳನ್ನು ಹಾಕಲೇಬೇಕು. ಒಂದು, ಇದು ತರ್ಕದಿಂದ ಹೊರಟ ನಿರೀಕ್ಷೆ, ಅಳೆದು ಕಂಡ ಫಲಿತಾಂಶವಲ್ಲ. ಎರಡು, ರಂಜಾನ್ ತಿಂಗಳಿಗೇ ಪಾವಿತ್ರ್ಯವಿದೆ ಎಂಬ ನಂಬಿಕೆ ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಜೊತೆಗಾರಿಕೆಯ ಪರಿಣಾಮದಿಂದ ಬೇರ್ಪಡಿಸುವುದು ಸುಲಭವಲ್ಲ. ಮೂರು, ಸತತ ಹಲವು ದಿನಗಳ ಉಪವಾಸಕ್ಕೂ ಬಿಡಿಬಿಡಿ ದಿನಗಳ ಉಪವಾಸಕ್ಕೂ ದೇಹ ಸ್ಪಂದಿಸುವ ರೀತಿ ಬೇರೆಯಿರಬಹುದು. ನಾಲ್ಕು, ಸಾಲ ತೀರಿಸಿದ ಹಗುರವನ್ನು ಖಜಾ ಕೊಡಬಲ್ಲದು, ಅದೂ ಒಂದು ನೆಮ್ಮದಿಯೇ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ, ಹಸಿವನ್ನು ಹಿಡಿದಿಟ್ಟು ಸಂದರ್ಭವನ್ನು ಮಾತ್ರ ಬದಲಿಸುವ ಇಂಥ ಹೋಲಿಕೆ ಉಪವಾಸದ ಅಧ್ಯಯನದಲ್ಲಿ ಬೇರೆ ಸಿಗುವುದು ಕಷ್ಟ.

ಹೊತ್ತಿನ ಜೋಡಣೆಯೇ ಮುಖ್ಯವೆಂಬುದಕ್ಕೆ ವ್ಯತಿರಿಕ್ತ ದಿಕ್ಕಿನಿಂದಲೂ ಬೆಂಬಲವಿದೆ. ಮೊರೊಕ್ಕೊದಲ್ಲಿ ಕದ್ರಿ ಮತ್ತು ಸಂಗಡಿಗರು ಲಿಥಿಯಂ ತೆಗೆದುಕೊಳ್ಳುತ್ತಿದ್ದ 20 ಮಂದಿ ಬೈಪೋಲಾರ್ ರೋಗಿಗಳನ್ನು ರಂಜಾನಿನಲ್ಲಿ ಗಮನಿಸಿ 2000ದಲ್ಲಿ ವರದಿ ಮಾಡಿದರು. ಅವರಲ್ಲಿ ಶೇ. 45ರಷ್ಟು ಮಂದಿಗೆ ರೋಗ ಮರುಕಳಿಸಿತು. ರಕ್ತದಲ್ಲಿನ ಲಿಥಿಯಂ ಪ್ರಮಾಣ ಅದಕ್ಕೆ ಕಾರಣವಾಗಿ ಕಾಣಲಿಲ್ಲ. ನಿದ್ದೆ ಮತ್ತು ದಿನಚರಿಯ ಲಯ ಬದಲಾದದ್ದರ ಕಡೆಗೆ ಅವರ ಅನುಮಾನ ಹರಿಯಿತು. ಗುಂಪು ಸಣ್ಣದು, ಸಾಮಾನ್ಯೀಕರಿಸಲು ಸಾಲದು. ಆದರೆ ಬಹುಮಂದಿಗೆ ಆಸರೆಯಾಗುವ ದಿನಚರಿಯ ಬದಲಾವಣೆಯೇ ನಿದ್ದೆಗೆಟ್ಟರೆ ಕೆರಳುವ ಕಾಯಿಲೆಯವರಿಗೆ ಅಪಾಯವಾಗಬಹುದೆಂಬ ಎಚ್ಚರ ಇದರಲ್ಲಿದೆ. ಉಪವಾಸ ಎಲ್ಲ ಮನಸ್ಸಿಗೂ ಒಳ್ಳೆಯದೆಂದು ಸಾರಾಸಗಟಾಗಿ ಹೇಳುವ ಬರಹಗಳು ಈ ಎಚ್ಚರವನ್ನು ಮರೆಯುತ್ತವೆ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಉಪವಾಸ ಮನುಷ್ಯ ಮತ್ತು ದೇವರ ನಡುವಿನ ಗುಟ್ಟು, ಅದನ್ನು ಸಾಮಾಜಿಕ ಹೊಂದಾಣಿಕೆಯ ಮಟ್ಟಕ್ಕೆ ಇಳಿಸಬಾರದು ಎಂಬುದು ಮೊದಲನೆಯದು. ಇಳಿಸುವ ಉದ್ದೇಶ ಇಲ್ಲಿಲ್ಲ. ಗಜಾಲಿಯವರ ಮೂರು ಮೆಟ್ಟಿಲುಗಳಲ್ಲಿ ಹೊಟ್ಟೆಯದು ಕೆಳಗಿನದು. ಹಗಲೆಲ್ಲ ಬಿಟ್ಟದ್ದನ್ನು ಸಂಜೆ ಮಿತಿಮೀರಿ ತುಂಬಿಕೊಳ್ಳುವವರನ್ನೂ ಅವರು ಎಚ್ಚರಿಸುತ್ತಾರೆ. ನಾಲಿಗೆಯ ಉಪವಾಸಕ್ಕೆ ಮಾತಾಡಲು ಇನ್ನೊಬ್ಬ ಬೇಕು, ಕೈಯ ಉಪವಾಸಕ್ಕೆ ಕೊಡುವ-ಕೊಳ್ಳುವ ಪೇಟೆ ಬೇಕು. ಎರಡನೆಯ ಮೆಟ್ಟಿಲು ನಾಲ್ಕು ಜನರ ನಡುವೆಯೇ ಸಾಧ್ಯ. ಹಾಗಾಗಿ ಹಸಿವನ್ನು ಹಿಂದಕ್ಕೆ ಸರಿಸುವ ವಾದ ಆ ಪರಂಪರೆಗೆ ಹೊರಗಿನದಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಹಂಚಿಕೊಂಡ ಹೊತ್ತು ಎನ್ನುವಾಗ ಅದು ಸಮನಾಗಿ ಹಂಚಿಕೆಯಾಗುತ್ತದೆಯೇ? ಸಹರಿಗೆ ಎಲ್ಲರಿಗಿಂತ ಮುಂಚೆ ಎದ್ದು ಒಲೆ ಹಚ್ಚುವವಳು, ಇಫ್ತಾರಿನ ಹೊತ್ತಿಗೆ ಎಣ್ಣೆ ಬಾಣಲೆಯ ಮುಂದೆ ನಿಂತಿರುವವಳು ಬಹುತೇಕ ಮನೆಗಳಲ್ಲಿ ಹೆಂಗಸೇ. ಈ ಲೇಖನದ ವಾದ ಸರಿಯಾದರೆ ತಿಂಗಳ ಮಾನಸಿಕ ಫಲ ಅವಳಿಗೆ ಗಂಡಸಿಗಿಂತ ಕಡಿಮೆ ದಕ್ಕುತ್ತಿರಬೇಕು, ಅಡುಗೆಯ ಹೊರೆ ಹಂಚಿಕೆಯಾದ ಮನೆಗಳಲ್ಲಿ ಅಂತರ ಕುಗ್ಗಬೇಕು. ಆಕ್ಷೇಪ ವಾದವನ್ನು ಒಡೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಪರೀಕ್ಷಿಸುವ ಇನ್ನೊಂದು ದಾರಿಯನ್ನು ತೋರಿಸುತ್ತದೆ.

ಈ ಸೀಮೆ ಇಂಥ ಪರೀಕ್ಷೆಗಳಿಗೆ ತಕ್ಕ ನೆಲ. ದಾಂಡೇಲಿಯಲ್ಲಿ 1950ರ ದಶಕದಿಂದ ಬೆಳೆದುಬಂದ ಕಾಗದ ಕಾರ್ಖಾನೆ ಹಗಲಿರುಳು ಪಾಳಿಯಲ್ಲಿ ನಡೆಯುವಂಥದು. ಸೂರ್ಯಾಸ್ತಕ್ಕೆ ಯಂತ್ರದ ಬಳಿಯೇ ನೀರು-ಖರ್ಜೂರದಲ್ಲಿ ರೋಜಾ ಬಿಡುವ ಕಾರ್ಮಿಕನಿಗೂ, ಹಳಿಯಾಳದ ಪೇಟೆಯಲ್ಲಿ ಅಂಗಡಿಯ ಕದ ಅರ್ಧ ಎಳೆದು ಮಸೀದಿಗೆ ನಡೆಯುವ ವ್ಯಾಪಾರಿಗೂ ಹಸಿವು ಒಂದೇ, ಜೊತೆ ಬೇರೆ. ಇನ್ನು ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ನೆಲೆಗಳಿವೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದ ಈ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ, ಧರ್ಮ ದಾಟಿದ ನೆಂಟಸ್ತಿಕೆಯೂ ಇದೆ. ಕಾಡಂಚಿನ ಹಾಡಿಯಲ್ಲಿ ನಾಲ್ಕೇ ಮನೆಯವರು ರೋಜಾ ಹಿಡಿದು ನೆರೆಹೊರೆ ಎಂದಿನಂತೆ ಉಣ್ಣುವಾಗ ನನ್ನ ವಾದದ ಪ್ರಕಾರ ಫಲ ತೆಳುವಾಗಬೇಕು. ನೆರೆಯ ಹಿಂದೂ, ಕ್ರೈಸ್ತ ಬಂಧುಗಳು ಇಫ್ತಾರಿಗೆ ಸೇರುವ ಕಡೆ ಹಾಗೆ ಆಗದಿರಬಹುದು. ಹಾಗೆ ಆಗದಿದ್ದರೆ ಹಂಚಿಕೊಂಡ ಹೊತ್ತಿಗೆ ಒಂದೇ ನಂಬಿಕೆ ಬೇಕೇ ಎಂಬ ಹೊಸ ಪ್ರಶ್ನೆ ಏಳುತ್ತದೆ.

ಒಟ್ಟಿನಲ್ಲಿ ಸ್ಥಾಪಿತವಾಯಿತೆಂದು ಹೇಳಬಹುದಾದದ್ದು ಇಷ್ಟೇ: ಉಪವಾಸದ ಗಂಟೆಯನ್ನು ಕಷ್ಟದ ಅಳತೆಯಾಗಿ, ಕಷ್ಟವನ್ನು ನೆಮ್ಮದಿಯ ಮೂಲವಾಗಿ ಹಿಡಿಯುವ ಓದು ಹಳಿಯಾಳದಂಥ ಕಡೆ ನಿಲ್ಲುವುದಿಲ್ಲ. ವಿನಾಯಿತಿಯ ವಿಸ್ತಾರವನ್ನೂ ಅದು ವಿವರಿಸಲಾರದು. ಜೊತೆಯ ಹೊತ್ತಿನ ಪಾತ್ರ ಎಷ್ಟು, ನಂಬಿಕೆಯದೆಷ್ಟು, ಹಸಿವಿನದೇ ಆದ ಪಾಲು ಎಷ್ಟು ಉಳಿಯುತ್ತದೆ ಎಂಬುದು ತೆರೆದೇ ಇದೆ. ರಂಜಾನ್ ಕಳೆದ ಮೇಲೆ ಈ ನೆಮ್ಮದಿ ಎಷ್ಟು ದಿನ ಬಾಳುತ್ತದೆ ಎಂಬುದೂ ಹಾಗೆಯೇ. ಆದರೂ ಒಂದು ವ್ಯಾವಹಾರಿಕ ಸೂಚನೆಗೆ ಪೂರ್ಣ ಉತ್ತರ ಸಿಗುವವರೆಗೆ ಕಾಯಬೇಕಿಲ್ಲ. ಮಧುಮೇಹಿಗಳಿಗಾಗಿ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ರಂಜಾನಿಗೆ ಮೊದಲೇ ವೈದ್ಯರನ್ನು ಕಾಣುವಂತೆ ಹೇಳುತ್ತವೆ. ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುವವರಿಗೂ ತಾಲೂಕು ಆಸ್ಪತ್ರೆಯ ಮಟ್ಟದಲ್ಲಿ ರಂಜಾನಿಗೆ ಹಿಂದಿನ ಶಾಬಾನ್ ತಿಂಗಳಲ್ಲೇ ಆ ಏರ್ಪಾಡು ಬೇಕು. ರೋಜಾ ಬಿಡಲು ಹೇಳುವ ವೈದ್ಯ, ಇಫ್ತಾರಿನ ಸಾಲಿನಲ್ಲಿ ತಪ್ಪದೆ ಕೂರಲೂ ಅದೇ ಚೀಟಿಯಲ್ಲಿ ಬರೆದುಕೊಡಲಿ. ರೋಜಾ ಬಿಟ್ಟರೆ ಜಮಾತಿನ ಜೊತೆಯನ್ನೂ ಬಿಟ್ಟಂತಾಗುವುದಿಲ್ಲ ಎಂಬ ಭರವಸೆ ಸಿಕ್ಕಾಗ, ವಿನಾಯಿತಿಗೆ ಹಿಂಜರಿಯುವವರ ಸಂಖ್ಯೆ ಇಳಿಯಬಹುದು.